ಐಸ್‌ಕ್ಯಾಂಡಿಯೂ ಸಟ್ಲೆಜ್ ನದಿಯೂ

ಮಕ್ಕಳೇ, ಜಾತ್ರೆಯಲ್ಲಿ ಐಸ್‌ಕ್ಯಾಂಡಿ ತಿಂದಿದ್ದೀರಲ್ಲ? ಬಿಸಿಲಲ್ಲಿ ಹಿಡಿದು ನಿಂತರೆ ಮೊದಲು ನೀರು ಮೊಣಕೈವರೆಗೂ ಇಳಿಯುತ್ತದೆ. ಆಮೇಲೆ? ಬರೀ ಕಡ್ಡಿ!

ನಾನು ಮೇಷ್ಟ್ರಾಗಿದ್ದಾಗ ‘ಹಿಮಾಲಯದ ನದಿಗಳು ಎಂದೂ ಬತ್ತವು’ ಎಂದು ವರ್ಷಗಟ್ಟಲೆ ಪಾಠ ಹೇಳಿದೆ. ಒಮ್ಮೆ ಹುಡುಗಿಯೊಬ್ಬಳು ಎದ್ದು, ‘ಸಾರ್, ಹಿಮವೇ ಮುಗಿದರೆ?’ ಎಂದಳು. ನಕ್ಕು ಕೂರಿಸಿಬಿಟ್ಟೆ.

ಹಿಮಾಚಲ ಪ್ರದೇಶದ ಸಟ್ಲೆಜ್ ನದಿಯನ್ನೇ ನೋಡಿ. ಅದರ ನೀರು ನಾಥ್ಪಾದಲ್ಲಿ ಸುರಂಗ ಹೊಕ್ಕು, 27 ಕಿ.ಮೀ. ಹರಿದು, ಝಾಕ್ರಿಯಲ್ಲಿ ಟರ್ಬೈನುಗಳನ್ನು ತಿರುಗಿಸುತ್ತದೆ. ಸಾಮರ್ಥ್ಯ 1500 ಮೆಗಾವಾಟ್. ನಮ್ಮ ಲಿಂಗನಮಕ್ಕಿಯಂಥ ದೊಡ್ಡ ಜಲಾಶಯ ಅಲ್ಲಿಲ್ಲ. ನದಿ ತಂದಷ್ಟು ನೀರು, ಅಷ್ಟೇ ವಿದ್ಯುತ್ತು.

ಭೂಮಿ ಬಿಸಿಯೇರಿದಂತೆ ಹಿಮನದಿಗಳು ಬೇಗ ಕರಗಿ, ಮೊದಮೊದಲು ನೀರು ಹೆಚ್ಚೇ ಬರುತ್ತದೆ. ‘ಒಳ್ಳೆಯದಲ್ಲವೇ?’ ಅನ್ನುವಿರಿ. ಆದರೆ ರಭಸದ ನೀರಿನೊಡನೆ ಬರುವ ಮರಳು ಟರ್ಬೈನಿನ ಉಕ್ಕನ್ನೇ ಸವೆಸುತ್ತದೆ. ಹೂಳು ಮಿತಿಮೀರಿದರೆ ಯಂತ್ರ ನಿಲ್ಲಿಸಲೇಬೇಕು. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಾಕ್ ಹಿಮಸರೋವರ ಒಡೆದಾಗ, ಚುಂಗ್ತಾಂಗ್‌ನ ಅಣೆಕಟ್ಟೇ ಕೊಚ್ಚಿಹೋಯಿತು. ಇನ್ನು ಹಿಮನದಿ ಸಣ್ಣದಾದ ಮೇಲೆ ಬೇಸಿಗೆಯಲ್ಲಿ ಅದು ಕೊಡುವ ನೀರೂ ಇಳಿಯುತ್ತದೆ. ಐಸ್‌ಕ್ಯಾಂಡಿಯ ಕಥೆಯೇ.

ಆ ಹುಡುಗಿ ಈಗ ಎಲ್ಲಿದ್ದಾಳೋ! ಸಿಕ್ಕರೆ ಅವಳ ಪ್ರಶ್ನೆಗೆ ಉತ್ತರ ಹೇಳುವುದು ಬಾಕಿಯಿದೆ.