ಹುಣಸೆಮರದ ಬಿರಡೆ

ನಮ್ಮ ಪಿಟೀಲು ಮೇಷ್ಟ್ರಿಗೆ ಕಪ್ಪಿನ ಮೇಲೆ ಬಹಳ ಅಭಿಮಾನ. ಪಂಚೆ ಬಿಳಿ, ಜುಬ್ಬಾ ಬಿಳಿ, ತಲೆಯೂ ಬಿಳಿ. ಪಿಟೀಲಿನ ಬಿರಡೆ, ಫಿಂಗರ್‌ಬೋರ್ಡ್, ಟೇಲ್‌ಪೀಸ್, ಚಿನ್‌ರೆಸ್ಟ್ ಮಾತ್ರ ಕಪ್ಪಗಿರಬೇಕು. ಅದೂ ಬಳಿದ ಕಪ್ಪು ಕೂಡದು, ಎಬೊನಿಯ ಹುಟ್ಟುಗಪ್ಪೇ ಆಗಬೇಕು. ಎಬೊನಿ ಸಿಗದಿದ್ದರೆ ಬೀಟೆಗೆ ಒಪ್ಪಿಗೆ ಇತ್ತು. ಮಿಕ್ಕ ಮರಗಳೆಲ್ಲ ಅವರ ಲೆಕ್ಕದಲ್ಲಿ ಸೌದೆ.

ಶಿಷ್ಯರಾದ ನಮ್ಮ ಪಿಟೀಲುಗಳೆಲ್ಲ ಆ ಸೌದೆಯ ಪೈಕಿಯೇ. ಅಗ್ಗದ ವಾದ್ಯಗಳಲ್ಲಿ ಯಾವುದೋ ಬಿಳಿಮರಕ್ಕೆ ಕಪ್ಪು ಬಣ್ಣ ಹೊಡೆದಿರುತ್ತಾರೆ. ಗಮಕಕ್ಕೆ ಬೆರಳು ಜಾರಲೆಂದು ಕೊಬ್ಬರಿ ಎಣ್ಣೆ ಸವರಿಕೊಂಡು ಕೂತರೆ, ಮಾಯಾಮಾಳವಗೌಳದ ಸರಳೆ ಮುಗಿಯುವಷ್ಟರಲ್ಲಿ ಎಣ್ಣೆಗೂ ಬೆವರಿಗೂ ಬಣ್ಣ ಬಿಟ್ಟು ಎಡಗೈ ಬೆರಳುಗಳೆಲ್ಲ ಮಸಿ. ಮೇಷ್ಟ್ರು ನನ್ನ ತೋರುಬೆರಳನ್ನು ಹಿಡಿದು ನೋಡಿ, "ಏನಯ್ಯಾ, ಪಾಠಕ್ಕೆ ಬಂದ್ಯೋ, ಓಟು ಹಾಕಿ ಬಂದ್ಯೋ?" ಅನ್ನುತ್ತಿದ್ದರು.

ಇಷ್ಟೆಲ್ಲ ಅನ್ನುವವರ ಪಿಟೀಲಿನಲ್ಲೇ ಒಂದು ಗುಟ್ಟಿತ್ತು. ನಾಲ್ಕು ಬಿರಡೆಗಳಲ್ಲಿ ಮೂರು ಕಪ್ಪು, ಒಂದು ಕಂದು. ಎಂದೋ ಒಂದು ಮುರಿದಾಗ, ವೀಣೆ ರಿಪೇರಿ ಮಾಡುವ ಆಚಾರ್ರು ಹುಣಸೆಮರದ ಚೇಗಿನಲ್ಲಿ ಬಿರಡೆ ಕಡೆದುಕೊಟ್ಟಿದ್ದರಂತೆ. "ಕರೀದು ಇಲ್ವೇ ಆಚಾರ್ರೇ?" ಎಂದು ಇವರು ಮುಖ ಸಣ್ಣಗೆ ಮಾಡಿದರೆ, ಅವರು ಕೇಳಿದ್ದು ಒಂದೇ ಮಾತು: "ಮೇಷ್ಟ್ರೆ, ಕರೀದು ಬೇಕೋ, ನಿಲ್ಲೋದು ಬೇಕೋ?" ಅಂದಿನಿಂದ ಫೋಟೋ ತೆಗೆಸಿಕೊಳ್ಳುವಾಗ ಮೇಷ್ಟ್ರ ಅಂಗೈ ತಾನಾಗಿಯೇ ಆ ಬಿರಡೆಯ ಮೇಲೆ ಬರುತ್ತಿತ್ತು, ಬಿದ್ದ ಹಲ್ಲನ್ನು ತುಟಿಯಿಂದ ಮುಚ್ಚಿಕೊಳ್ಳುವವರ ಹಾಗೆ.

ಆಚಾರ್ರ ಪ್ರಶ್ನೆಯಲ್ಲಿ ಇಡೀ ಶಾಸ್ತ್ರವೇ ಇದೆ. ಬಿರಡೆ ತಂತಿಯ ಎಳೆತವನ್ನು ತಡೆದು ನಿಲ್ಲಬೇಕು. ಮಳೆಗಾಲಕ್ಕೆ ಉಬ್ಬಿ ಕಚ್ಚಿಕೊಳ್ಳಬಾರದು, ಬೇಸಿಗೆಗೆ ಒಣಗಿ ಜಾರಬಾರದು. ಫಿಂಗರ್‌ಬೋರ್ಡು ತಂತಿಯ ಉಜ್ಜಾಟಕ್ಕೆ ಸವೆಯಬಾರದು. ಇದಕ್ಕೆಲ್ಲ ಬೇಕಾದದ್ದು ಗಟ್ಟಿತನ, ಹವೆಗೆ ಅಲುಗದ ಸ್ಥಿರತೆ. ಬಣ್ಣ ಯಾರು ಕೇಳಿದರು? ಕಿವಿಯಂತೂ ಕೇಳಲಿಲ್ಲ. ಚಿನ್‌ರೆಸ್ಟಿನ ಕಥೆ ಇನ್ನೂ ಸೊಗಸು. ಜರ್ಮನಿಯ ಪಿಟೀಲುಗಾರ ಲೂಯಿ ಸ್ಪೋರ್ 1820ರ ಸುಮಾರಿಗೆ ತನ್ನ ಗದ್ದಕ್ಕೆಂದು ಅದನ್ನು ಕಂಡುಹಿಡಿದ. ನಾವು ಚಾಪೆಯ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಗಾಲ ಗಿಣ್ಣಿಗೂ ಬುಡವನ್ನು ಎದೆಗೂ ಒರಗಿಸಿ ನುಡಿಸುವವರು. ನಮ್ಮ ಗದ್ದಕ್ಕೆ ಅಲ್ಲೇನೂ ಕೆಲಸವಿಲ್ಲ. ಅದು ತಾಳಕ್ಕೆ ತಕ್ಕಂತೆ ಗಾಳಿಯಲ್ಲಿ ಅಲ್ಲಾಡಿಕೊಂಡಿರುತ್ತದೆ. ಊರದ ಗದ್ದಕ್ಕೆ ಆಫ್ರಿಕಾದ ಮರ!

ಆ ಮರವಾದರೂ ಎಂಥದು? ಬಹಳ ನಿಧಾನವಾಗಿ ಬೆಳೆಯುತ್ತದೆ. ಕಪ್ಪಿರುವುದು ಚೇಗಿನಲ್ಲಿ ಮಾತ್ರ, ಎಷ್ಟು ಕಪ್ಪೆಂಬುದು ಕಡಿದ ಮೇಲೆಯೇ ಗೊತ್ತು. ಅಮೆರಿಕದ ಟೇಲರ್ ಗಿಟಾರ್ ಕಂಪನಿ 2011ರಲ್ಲಿ ಕ್ಯಾಮರೂನಿನ ಎಬೊನಿ ಗಿರಣಿಯೊಂದನ್ನು ಪಾಲುದಾರರೊಡನೆ ಕೊಂಡಾಗ, ಕಂಪನಿಯ ಸ್ಥಾಪಕರಲ್ಲೊಬ್ಬರಾದ ಬಾಬ್ ಟೇಲರ್‌ಗೆ ಅಲ್ಲಿನವರು ಹೇಳಿದ ಲೆಕ್ಕ ಇದು: ಅಪ್ಪಟ ಕಪ್ಪಿನ ಒಂದು ಮರಕ್ಕಾಗಿ ಹತ್ತು ಮರ ಉರುಳಿಸುತ್ತಾರೆ, ಮಿಕ್ಕವು ಕಾಡಿನಲ್ಲೇ ಕೊಳೆಯುತ್ತವೆ. ಒಳಗೆ ನಾಲ್ಕು ಕಂದು ಗೆರೆ ಇಟ್ಟುಕೊಂಡದ್ದೇ ಅವುಗಳ ಅಪರಾಧ. ಗೆರೆಯಿದ್ದ ಮರವನ್ನೂ ಕೊಳ್ಳುತ್ತೇವೆಂದು ಆ ಕಂಪನಿ ಸಾರಿತು. ಹೆಣ್ಣು ನೋಡುವಾಗ ಬಿಳುಪು, ಮರ ನೋಡುವಾಗ ಕಪ್ಪು. ಮನುಷ್ಯನ ಕಣ್ಣಿಗೆ ಬುದ್ಧಿ ಹೇಳುವವರು ಯಾರು?

ಬೀಟೆಯ ಸಂಕಟ ನಮ್ಮ ಮನೆಯದೇ. ಮಲೆನಾಡಿನ ಹಳೆಯ ಮನೆಗಳ ಮಂಚ, ಮೈಸೂರಿನ ಕೆತ್ತನೆಯ ಪೆಟ್ಟಿಗೆ, ಎಲ್ಲದಕ್ಕೂ ಅದೇ ಬೇಕಾಗಿತ್ತು. 2017ರ ಜನವರಿಯಲ್ಲಿ, ಅಳಿವಿನಂಚಿನ ಜೀವಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ ಬೀಟೆಯ ಕುಲವನ್ನೇ ತನ್ನ ಪಟ್ಟಿಗೆ ಸೇರಿಸಿ, ಗಡಿ ದಾಟಲು ಪರವಾನಗಿ ಕೇಳಿತು. ವಾದ್ಯದವರು ಗೋಳಾಡಿದ ಮೇಲೆ, 2019ರಲ್ಲಿ ಸಿದ್ಧ ವಾದ್ಯಗಳಿಗೂ ಅವುಗಳ ಬಿಡಿಭಾಗಗಳಿಗೂ ವಿನಾಯಿತಿ ಸಿಕ್ಕಿತು. ವಿನಾಯಿತಿ ಕೊಟ್ಟದ್ದು ಕಾಗದ; ಕಾಡು ಕೊಟ್ಟಿತೋ ಇಲ್ಲವೋ.

ಈಗ ಸ್ವಿಟ್ಜರ್‌ಲೆಂಡಿನವರು ತಮ್ಮ ಊರಿನ ಮೇಪಲ್, ಸ್ಪ್ರೂಸ್ ಮರಗಳನ್ನೇ ಬಿಸಿಯಲ್ಲಿ ಒತ್ತಿ ಎಬೊನಿಯಷ್ಟು ಗಟ್ಟಿ ಮಾಡುತ್ತಿದ್ದಾರೆ. ಯುರೋಪಿನ ಬಾಕ್ಸ್‌ವುಡ್ ಬಿರಡೆಗಳು ಹಳೆಯ ಕಾಲದಿಂದಲೂ ಇವೆ. ಹೆಚ್ಚೇಕೆ, ಪಿಟೀಲು ತಯಾರಿಕೆಗೆ ಹೆಸರಾದ ಸ್ಟ್ರಾಡಿವೇರಿಯ ಕಾಲದ ಎಷ್ಟೋ ಫಿಂಗರ್‌ಬೋರ್ಡುಗಳಲ್ಲಿ ಒಳಗೆ ಹಗುರ ಮರ, ಮೇಲೆ ಎಬೊನಿಯ ತೆಳು ಪದರ ಅಷ್ಟೆ. ಜರ್ಮನಿಯ ವಿಟ್ನರ್ ಕಂಪನಿ ಬಿರಡೆಯೊಳಗೇ ಸಣ್ಣ ಗಿಯರು ಕೂರಿಸಿದೆ. ಅದು ಮರವೇ ಅಲ್ಲವಾದ್ದರಿಂದ ಮಳೆಗೆ ಉಬ್ಬುವ ಮಾತೂ ಇಲ್ಲ. ನನ್ನ ಪಿಟೀಲಿಗೆ ಈಗ ಅವೇ. ಶ್ರುತಿ ಒಮ್ಮೆ ಸೇರಿಸಿದರೆ ಸೇರಿತು.

ಮೇಷ್ಟ್ರ ಕಚೇರಿಗಳಲ್ಲಿ ಹೀಗಿರಲಿಲ್ಲ. ಆಲಾಪನೆಯ ನಡುವೆ ಕರಿ ಬಿರಡೆ ಜಾರಿದರೆ ಜುಬ್ಬಾದ ಜೇಬಿನಿಂದ ಸೀಮೆಸುಣ್ಣದ ಚೂರು ಬರುತ್ತಿತ್ತು. ಬಿರಡೆಗೆ ಅದನ್ನು ಸವರುತ್ತ, ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರನ್ನು ನೆನೆಯುತ್ತಿದ್ದರು: "ನನಗೆ ನಾಲ್ಕೇ ಇಷ್ಟು ಕಾಡುತ್ತವೆ, ಆ ಮಹಾನುಭಾವರು ಏಳನ್ನು ಹೇಗೆ ಸಾಕಿದರೋ!" ಸಭೆ ನಗುತ್ತಿತ್ತು. ಮೃದಂಗದವರು ತಾಂಬೂಲ ಹಾಕಿಕೊಳ್ಳುತ್ತಿದ್ದರು. ಈಗಿನ ಕಚೇರಿಗಳಲ್ಲಿ ಆ ಬಿಡುವಿಲ್ಲ, ಮೇಷ್ಟ್ರೂ ಇಲ್ಲ. ಅಷ್ಟು ಕಾಡಿದವುಗಳಲ್ಲಿ ಹುಣಸೆಯ ಬಿರಡೆಯ ಹೆಸರು ಒಮ್ಮೆಯೂ ಬಂದದ್ದು ನಾನು ಕೇಳಲಿಲ್ಲ. ಅದು ನಿಂತಲ್ಲೇ ನಿಂತಿರುತ್ತಿತ್ತು.

ಮಗುವಿಗೆ ಪಿಟೀಲು ಕೊಡಿಸಲು ಹೊರಟವರಿಗೆ ನನ್ನದೊಂದು ಕೋರಿಕೆ. ಅಂಗಡಿಯಾತ "ಇದು ಅಸಲಿ ಎಬೊನಿ ಸಾರ್" ಎಂದು ಮುಂದಿಟ್ಟಾಗ, ಬಿರಡೆಯನ್ನು ತಿರುಗಿಸಿ ನಿಲ್ಲುತ್ತದೆಯೇ ನೋಡಿ, ಆಮೇಲೆ ಕಂದು ಬಣ್ಣದ್ದು ಇದೆಯೇ ಎಂದು ಕೇಳಿ.