ವಲ್ಲಿಯ ಕೆಳಗಿನ ಬೆಲೆ

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಬಾಲ್ಯದ ದಿನಗಳಲ್ಲಿ, ಮಠದ ಬೇಸಾಯಕ್ಕೆ ಎತ್ತು ಕೊಳ್ಳುವ ಪ್ರಸಂಗ ಬಂದಾಗಲೆಲ್ಲ ನಮ್ಮಂತಹ ನಾಲ್ಕಾರು ಹುಡುಗರನ್ನೂ ಸಂತೆಗೆ ಕರೆದೊಯ್ಯುವ ರೂಢಿಯಿತ್ತು. ಎತ್ತನ್ನು ಹಿಡಿದು ತರಲು ಆಳು ಬೇಕಿತ್ತು, ಅಷ್ಟೆ. ಹಿರಿಯ ಕಾರಭಾರಿಗಳು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ಸುಳಿ ಪರೀಕ್ಷಿಸುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಇಷ್ಟೆಲ್ಲ ಬಹಿರಂಗವಾಗಿಯೇ ನಡೆಯುತ್ತಿತ್ತು. ಬೆಲೆಯ ಮಾತು ಬಂದೊಡನೆ ಮಾತ್ರ ದಲ್ಲಾಳಿಯು ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿಕೊಂಡು, ಅದರ ಕೆಳಗೆ ಕೊಳ್ಳುವವರ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳು ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ನಿಂತ ಇನ್ನೊಬ್ಬ ರೈತನಿಗೆ ಅದೇ ಜೋಡಿ ಎತ್ತಿನ ಬೆಲೆ ಬೇರೆಯಾಗಿರಬಹುದಾಗಿತ್ತು.

ಐವತ್ತು ವರ್ಷಗಳ ತರುವಾಯ ಕಾರು ಕೊಳ್ಳಲು ಹೊರಟಾಗ ನನಗೆ ಆ ವಲ್ಲಿ ಮತ್ತೆ ಎದುರಾಯಿತು.

ನಮ್ಮ ವಾಸ ಸಿಂಧನೂರಿನಲ್ಲಿ. ಮಗಳನ್ನು ಲಿಂಗಸುಗೂರಿಗೆ ಕೊಟ್ಟಿದ್ದೇವೆ. ನಡುವೆ ಮಸ್ಕಿ; ಅಲ್ಲಿ ನನ್ನ ಷಡ್ಡಕರ ಮನೆ. ಈ ಮೂರೂ ಊರುಗಳನ್ನು ಪೋಣಿಸಿರುವ 150ಎ ರಾಷ್ಟ್ರೀಯ ಹೆದ್ದಾರಿಯೇ ನಮ್ಮ ಸಂಸಾರದ ಓಣಿ ಎಂದರೂ ಸಲ್ಲುತ್ತದೆ. ಇಷ್ಟು ಕಾಲ ಈ ಓಣಿಯಲ್ಲಿ ಸರಕಾರಿ ಬಸ್ಸಿನಲ್ಲಿಯೇ ಓಡಾಡಿದೆವು. ಧರ್ಮಪತ್ನಿಯ ಮೊಣಕಾಲು ಸೋತ ಮೇಲೆ ಬಸ್ಸಿನ ಮೆಟ್ಟಿಲು ಅವಳಿಗೆ ಬೆಟ್ಟವಾಯಿತು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೋಗಲಾಗದೆ ಅವಳು ಮನೆಯಲ್ಲಿ ಮಾತಿಲ್ಲದೆ ಕುಳಿತ ದಿನವೇ ಕಾರು ಕೊಳ್ಳುವ ನಿರ್ಧಾರವಾಯಿತೆನ್ನಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದದ್ದು ಆ ನಿರ್ಧಾರಕ್ಕೆ ಒದಗಿಬಂದ ಅನುಕೂಲ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದ. "ಅಪ್ಪಾ, ನೀವು ಅಂಗಡಿಗೆ ಹೋಗೂದು ಬ್ಯಾಡ. ಎಲ್ಲಾ ಫೋನಿನಾಗ ಅದ. ಬಣ್ಣ ಯಾವ್ದು ಬೇಕು ಅಷ್ಟ ಹೇಳ್ರಿ."

ಕಣ್ಣಾರೆ ಕಾಣದ ವಾಹನಕ್ಕೆ ಹಣ ಕಟ್ಟುವುದೆಂತು ಎಂದು ನಾನು ಗದರಿದೆ. ಗದರಿದ ಮೇಲೆ ನೆನಪಾಯಿತು, ನಮ್ಮ ತಾರುಣ್ಯದಲ್ಲಿ ಜನ ಮಾಡಿದ್ದಾದರೂ ಅದನ್ನೇ! ಮಾರುತಿ 800 ಬರುತ್ತದೆಂಬ ಸುದ್ದಿಗೆ ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಕಾದವರಿದ್ದರು. ಮೊದಲ ಕಾರಿನ ಕೀಲಿಕೈ ಒಡೆಯನ ಕೈಸೇರಿದ್ದು 1983ರ ಡಿಸೆಂಬರಿನಲ್ಲಿ. 2022ರ ಜುಲೈ 30ರಂದು ಮಹೀಂದ್ರ ಕಂಪನಿಯ ಸ್ಕಾರ್ಪಿಯೋ-ಎನ್ ವಾಹನಕ್ಕೆ ಅರ್ಧ ಗಂಟೆಯೊಳಗೆ ಒಂದು ಲಕ್ಷ ಮಂದಿ ಮುಂಗಡ ಕಾದಿರಿಸಿದರಂತೆ. ನೋಡದೆ ಹಣ ಕಟ್ಟುವುದು ಹೊಸತಲ್ಲ, ಹೊಸತಾಗಿರುವುದು ಅದರ ವೇಗ.

ಆದುದರಿಂದ ವಿಷಯವನ್ನು ತಿಳಿದೇ ಮಾತನಾಡೋಣವೆಂದು ಕೆಲವು ದಿನ ಅದರ ಬೆನ್ನು ಹತ್ತಿದೆ. 2020ರಲ್ಲಿ ಕೊರೊನಾ ಕಾರಣದಿಂದ ಅಂಗಡಿಗಳೆಲ್ಲ ಮುಚ್ಚಿದಾಗ ಹುಂಡೈ, ಹೋಂಡಾ, ಟಾಟಾ, ಮಹೀಂದ್ರ ಮೊದಲಾದ ಕಂಪನಿಗಳು ಮನೆಯಲ್ಲಿಯೇ ಕುಳಿತು ಕಾರು ಕೊಳ್ಳುವ ವ್ಯವಸ್ಥೆಯನ್ನು ಮುಂದಿಟ್ಟವು. ಮಾದರಿ, ಬಣ್ಣ, ಸಾಲ, ವಿಮೆ ಎಲ್ಲವೂ ಪರದೆಯ ಮೇಲೆ. ಆದರೆ ಕೊಂಚ ಒಳಹೊಕ್ಕು ನೋಡಿದರೆ ಒಂದು ಹಂತದಲ್ಲಿ ಪರದೆಯೇ ನಮ್ಮನ್ನು ಕೇಳುತ್ತದೆ: ನಿಮ್ಮ ಡೀಲರು ಯಾರು? ಕಾರನ್ನು ತಂದುಕೊಡುವವನು ಅವನೇ, ಬಿಲ್ಲು ಬರೆಯುವವನೂ ಅವನೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅದೇ ರಾಜ್ಯದಲ್ಲಿ ನೋಂದಣಿಯಾಗುವ ಹೊಸ ವಾಹನಕ್ಕೆ ಅರ್ಜಿ ಹಾಕಬೇಕಾದವನೂ ಡೀಲರೇ. ಮರ್ಸಿಡಿಸ್ ಬೆಂಜ್ ಕಂಪನಿಯು 2021ರಿಂದ ದೇಶಕ್ಕೆಲ್ಲ ಒಂದೇ ಬೆಲೆಯಿಟ್ಟು ತಾನೇ ಬಿಲ್ಲು ಕೊಡುವ ಪದ್ಧತಿ ತಂದಿತು. 2025ರಲ್ಲಿ ಮುಂಬಯಿಗೆ ಬಂದ ಟೆಸ್ಲಾಕ್ಕೆ ಡೀಲರುಗಳೇ ಇಲ್ಲ. ಇವೆರಡೂ ನಮ್ಮ ಭತ್ತದ ಸೀಮೆಯ ಸಾಮಾನ್ಯ ಸಂಸಾರದ ಬಾಬತ್ತಲ್ಲ. ಹೀಗಾಗಿ ಮಗನ ಪಕ್ಷ ಮತ್ತು ನನ್ನ ಪಕ್ಷಗಳ ನಡುವೆ ಉಳಿದ ವ್ಯತ್ಯಾಸವಿಷ್ಟೇ: ಡೀಲರು ಬೆಂಗಳೂರಿನವನೋ, ನಮ್ಮೂರಿನವನೋ?

ಮಸ್ಕಿಯ ಷಡ್ಡಕರನ್ನು ಕೇಳಿದೆ. ಅವರ ಮಗ ಮೂರು ವರ್ಷದ ಹಿಂದೆ ಪರದೆಯ ಮೇಲೆಯೇ ಎಲ್ಲ ಮುಗಿಸಿ, ಕಾಯುವ ಅವಧಿ ಕಡಿಮೆಯೆಂದು ಬೆಂಗಳೂರಿನ ಡೀಲರನನ್ನು ಆರಿಸಿ, ಕಾರನ್ನು ತಾನೇ ಓಡಿಸಿಕೊಂಡು ಬಂದಿದ್ದ. ಅವರಿಗೆ ಅದರಿಂದ ಅಸಮಾಧಾನವೇನೂ ಇಲ್ಲ. ಒಂದು ಮಳೆಗಾಲದಲ್ಲಿ ಮಾತ್ರ ಎಡಬಾಗಿಲಿನ ರಬ್ಬರಿನಿಂದ ನೀರು ಒಳಗೆ ಇಳಿಯಿತಂತೆ. ಇಲ್ಲಿಯ ದುರಸ್ತಿಯವರು ಕೊಂಡ ಕಡೆ ಕೇಳಿರೆಂದರು, ಕೊಟ್ಟವರು ಹತ್ತಿರದಲ್ಲಿ ತೋರಿಸಿರೆಂದರು. ಕಂಪನಿಯ ಖಾತರಿಯನ್ನು ಯಾವ ಅಧಿಕೃತ ಕೇಂದ್ರವಾದರೂ ಮನ್ನಿಸಬೇಕು. ಅದನ್ನು ಕಂಪನಿಯಿಂದಲೇ ಬರೆಸಿ ತರುವಷ್ಟರಲ್ಲಿ ಎರಡು ತಿಂಗಳು ಕಳೆದು ಮಳೆಗಾಲವೇ ಮುಗಿದಿತ್ತು. "ನೀರು ಬಂದದ್ದಕ್ಕ ಬ್ಯಾಸರಿಲ್ಲ, ಯಾರ ಮುಖಾ ನೋಡಿ ಕೇಳ್ಬೇಕು ಅನ್ನೂದ ತಿಳೀಲಿಲ್ಲ" ಎಂದರು.

ಈ ಮಾತು ನನ್ನ ಪಕ್ಷಕ್ಕೆ ಬಲ ಕೊಟ್ಟಿತು. ನಮ್ಮೂರಿನ ಷೋರೂಮಿನಲ್ಲಿ ಮಾರಾಟದ ಕೆಲಸದಲ್ಲಿರುವವನು ನನ್ನ ಹಳೆಯ ವಿದ್ಯಾರ್ಥಿ. ಕಂಡಾಗಲೆಲ್ಲ ಕಾಲುಮುಟ್ಟಿ ನಮಸ್ಕರಿಸುವ ಸಂಭಾವಿತ. ಮುಖ ನೋಡಿ ಕೇಳಲು ಇದಕ್ಕಿಂತ ಬೇರೇನು ಬೇಕು? ಅವನಲ್ಲಿಗೆ ಹೋದೆ. ಚಹಾ ತರಿಸಿದ, ಕಾರು ತೋರಿಸಿದ, ಪತ್ನಿಯನ್ನು ಮುಂದಿನ ಆಸನದಲ್ಲಿ ಕುಳ್ಳಿರಿಸಿ ಮೊಣಕಾಲು ಮಡಚಲು ಅನುಕೂಲವಿದೆಯೇ ಎಂದು ವಿಚಾರಿಸಿದ. ಇದನ್ನು ಯಾವ ಪರದೆಯೂ ಮಾಡದು. ಅಂದವಾಗಿ ಮುದ್ರಿಸಿದ ದರಪಟ್ಟಿಯೊಂದನ್ನು ಕೊಟ್ಟು ಕಳಿಸಿದ.

ರಾತ್ರಿ ಆ ಪಟ್ಟಿಯ ಚಿತ್ರವನ್ನು ಮಗನಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು. ಷೋರೂಮಿನ ಮೂಲಬೆಲೆ ಕಂಪನಿ ಹೇಳಿದಷ್ಟೇ ಇದೆ. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ನಮ್ಮ ರಾಜ್ಯದ ಆಜೀವ ತೆರಿಗೆ ಶೇಕಡಾ 14, ಅದರ ಮೇಲೆ ಉಪಕರ, ಅದೂ ಸರಿಯಿದೆ. ಉಳಿದ ಸಾಲುಗಳೇ ಬೇರೆ. ವಿಮೆಗೆ 41,000 ರೂಪಾಯಿ ಬರೆದಿತ್ತು. ಅಷ್ಟೇ ರಕ್ಷಣೆಯ ವಿಮೆ ಹೊರಗೆ 29,500ಕ್ಕೆ ದೊರೆಯುತ್ತಿತ್ತು. ಹೊಸ ಕಾರಿಗೆ ಮೂರನೆಯವರ ಹಾನಿಯ ವಿಮೆಯನ್ನು ಮೂರು ವರ್ಷಕ್ಕೆ ಒಟ್ಟಿಗೆ ಮಾಡಿಸಬೇಕೆಂಬುದು 2018ರ ಸೆಪ್ಟೆಂಬರಿನಿಂದ ಕಡ್ಡಾಯವೇ ಹೌದು. ಆದರೆ ಅದನ್ನು ಎಲ್ಲಿ ಮಾಡಿಸಬೇಕೆಂಬುದು ಕೊಳ್ಳುವವನ ಇಚ್ಛೆ. ಬೇಡದ ಅಲಂಕಾರ ಸಾಮಗ್ರಿಗೆ 18,000. ಕೊನೆಗೆ 'ನಿರ್ವಹಣಾ ವೆಚ್ಚ' ಎಂಬ ಹೆಸರಿನಲ್ಲಿ 8,500. ಯಾವುದರ ನಿರ್ವಹಣೆ ಎಂಬ ವಿವರಣೆಯಿಲ್ಲ. ಒಟ್ಟು 38,000 ರೂಪಾಯಿಗಳ ವಲ್ಲಿ!

ಆ ರಾತ್ರಿ ನಿದ್ದೆ ಬರಲಿಲ್ಲ. ಹಣದ ಮಾತಿಗಿಂತ ಹೆಚ್ಚಾಗಿ, ಕಾಲುಮುಟ್ಟಿ ನಮಸ್ಕರಿಸುವ ಕೈಯೇ ಈ ಪಟ್ಟಿಯನ್ನೂ ಕೊಟ್ಟಿತಲ್ಲ ಎಂಬುದು ಚುಚ್ಚುತ್ತಿತ್ತು.

ಮರುದಿನ ಹೋಗಿ ಪಟ್ಟಿಯನ್ನು ಅವನ ಮೇಜಿನ ಮೇಲಿಟ್ಟೆ. ಏನೂ ಹೇಳಲಿಲ್ಲ. ಮಗನು ಗುರುತು ಮಾಡಿಕೊಟ್ಟ ಸಾಲುಗಳ ಮೇಲೆ ಬೆರಳಿಟ್ಟೆ. ಅವನ ಮುಖ ಬಾಡಿತು. "ಸರ, ಈ ಕಾಗದ ನಾ ಬರದದ್ದಲ್ರಿ. ಕಂಪ್ಯೂಟರಿನಾಗ ಹಿಂಗ ಬರ್ತದ. ತಿಂಗಳಿಗಿಷ್ಟು ವಿಮಾ, ಇಷ್ಟು ಸಾಮಾನು ಮಾರಬೇಕು ಅಂತ ನಮಗ ಹಾಕಿಬಿಟ್ಟಾರ. ಕೇಳಿದವರಿಗೆ ತಗದು ಕೊಡ್ತೀವ್ರಿ."

"ಕೇಳದವರಿಗೆ?"

ಅವನು ಉತ್ತರ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಏಕೆಂದರೆ ಕೇಳದವರಲ್ಲಿ ಒಬ್ಬರು ಯಾರೆಂಬುದು ಅಷ್ಟರಲ್ಲಿ ನನಗೆ ಹೊಳೆದಿತ್ತು. ಹಿಂದಿನ ವರ್ಷ ಲಿಂಗಸುಗೂರಿನ ನನ್ನ ನಿವೃತ್ತ ಸಹೋದ್ಯೋಗಿಯೊಬ್ಬರನ್ನು ಇದೇ ಅಂಗಡಿಗೆ ಕಳಿಸಿದವನು ನಾನೇ. "ನಮ್ಮ ಹುಡುಗ ಅದಾನ, ಕಣ್ಣು ಮುಚ್ಚಿ ತಗೋರಿ" ಎಂದಿದ್ದೆ. ಅವರು ಅಕ್ಷರಶಃ ಕಣ್ಣು ಮುಚ್ಚಿಯೇ ತೆಗೆದುಕೊಂಡಿದ್ದರು.

ಅವರ ಮನೆಗೆ ಹೋಗುವುದು ಸುಲಭವಾಗಿರಲಿಲ್ಲ. ಹೋದೆ. ಕಡತದಿಂದ ಹಳೆಯ ಪಟ್ಟಿ ತೆಗೆಸಿ ನೋಡಿದೆವು, ಅದೇ ಸಾಲುಗಳು. ಅವರು ನಕ್ಕು, "ಬಿಡ್ರಿ, ಆತ ನಮ್ಮವನ ಅಲ್ಲೇನು?" ಎಂದರು. ಅವರ ಸೌಜನ್ಯವು ನನಗೆ ಬೈಗುಳಕ್ಕಿಂತ ಭಾರವಾಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನನ್ನಂಥ ಶಾಸನದ ಹುಚ್ಚಿನವನು ಅದನ್ನು ಮರೆಯುವುದು ಸಾಧ್ಯವಿಲ್ಲ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಗಣಿ ಎಂಜಿನಿಯರ್ ಬೀಡನ್ ಕಂಡುಹಿಡಿದದ್ದೂ 1915ರಲ್ಲಿಯೇ. ದೇವಾನಾಂಪ್ರಿಯ ಎಂಬ ಬಿರುದು ಬೇರೆಡೆಯೂ ಉಂಟು. ಬಿರುದಿನ ಜೊತೆಗೆ ಅಶೋಕನೆಂಬ ಹೆಸರನ್ನೂ ಹೇಳಿ ವಿದ್ವಾಂಸರ ಶಂಕೆ ತೀರಿಸಿದ್ದು ಮಸ್ಕಿಯ ಕಲ್ಲು. ನಾವು ಸಹಾಯವಾಣಿಗೆ ಹೋಗುವ ಮುನ್ನ ಷೋರೂಮಿನ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆದು, ಕೆಳಗೆ ಇಬ್ಬರ ಹೆಸರನ್ನೂ ಪೂರ್ತಿಯಾಗಿ ಬರೆದೆವು. ಮೂರು ವಾರಗಳ ಮೇಲೆ ಸಹೋದ್ಯೋಗಿಯವರ ಖಾತೆಗೆ ನಿರ್ವಹಣಾ ವೆಚ್ಚವೆಂದು ಹಿಡಿದ ಹಣ ಮರಳಿ ಬಂತು. ಮಿಕ್ಕದ್ದು ಬರಲಿಲ್ಲ.

ಇಷ್ಟಾದ ಮೇಲೂ ನಾನು ಅಲ್ಲಿಯೇ ಕಾರು ಕೊಂಡೆ. ಮಗನಿಗೆ ಇದು ಇಂದಿಗೂ ಅರ್ಥವಾಗಿಲ್ಲ. ಬೆಂಗಳೂರಿನಲ್ಲಿ ಬೇರೆಯ ಪಟ್ಟಿಗಳಿಲ್ಲವೆಂದು ನನಗೆ ಯಾರು ಹೇಳಬೇಕು? ಇಲ್ಲಿಯಾದರೆ ಪಟ್ಟಿ ಕೊಟ್ಟವನ ಮನೆ ನನಗೆ ಗೊತ್ತು, ಅವನ ತಂದೆ ಗೊತ್ತು. ಆದರೆ ಆ ಪರಿಚಯವೊಂದನ್ನೇ ನಂಬಿ ಹೋಗಿದ್ದರೆ 38,000 ಕಳೆಯುತ್ತಿದ್ದೆ. ನನ್ನನ್ನು ಉಳಿಸಿದ್ದು ಮಗನ ಫೋನು. ಇದನ್ನೂ ಒಪ್ಪಿಕೊಳ್ಳಬೇಕು. ವಿಮೆಯನ್ನು ಹೊರಗೆ ಮಾಡಿಸಿದೆವು. ಗೋದಾಮಿನಲ್ಲಿ ಕೆಲವು ತಿಂಗಳಿನಿಂದ ನಿಂತ ಕಾರಿಗಾದರೆ ರಿಯಾಯಿತಿ ಕೊಡುವುದಾಗಿ ಹೇಳಿದರು; ಪರದೆಯ ಮೇಲೆ ಇಂತಹ ಚೌಕಾಶಿಗೆ ಆಸ್ಪದ ಕಡಿಮೆ. ಪತ್ನಿಗೆ ಬಿಳಿಯ ಬಣ್ಣವೇ ಬೇಕಿದ್ದುದರಿಂದ ಅದನ್ನು ಬಿಟ್ಟೆವು.

ಕಾರು ಬರುವ ದಿನ ಕಾರಭಾರಿಗಳ ಪಾಠ ನೆನೆದು ನಾನೂ ಹಲ್ಲು ನೋಡಿದೆ! ವಿಕ್ರಯ ಪ್ರಮಾಣದ 21ನೆಯ ನಮೂನೆಯಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಬರೆದಿರುತ್ತದೆ. ಅದನ್ನು ಓದಿ, 17 ಅಕ್ಷರಗಳ ಚಾಸಿ ಸಂಖ್ಯೆಯನ್ನು ಕಾರಿನ ಮೇಲಿನದಕ್ಕೆ ಒಂದೊಂದಾಗಿ ತಾಳೆ ನೋಡಿದೆ. ನಾಲ್ಕು ಟೈರುಗಳನ್ನೂ ಬಾಗಿಲುಗಳ ರಬ್ಬರನ್ನೂ ಬಗ್ಗಿ ನೋಡಿದೆ. ವಿದ್ಯಾರ್ಥಿ ತಾಳ್ಮೆಯಿಂದ ಟಾರ್ಚು ಹಿಡಿದು ನಿಂತಿದ್ದ. ಪತ್ನಿ ಕಾರಿಗೆ ವಿಭೂತಿ ಹಚ್ಚಿ, ಕಾಯಿ ಒಡೆಸಿದಳು.

ಕೀಲಿಕೈಗೆ ಕಾಯುತ್ತ ಕುಳಿತಾಗ ಪಕ್ಕದ ಕುರ್ಚಿಯಲ್ಲಿ ಹಳ್ಳಿಯ ರೈತನೊಬ್ಬ ದರಪಟ್ಟಿಯನ್ನು ಹಿಡಿದು ಕುಳಿತಿದ್ದ. ಭತ್ತ ಮಾರಿದ ಹಣವಿರಬೇಕು, ಕೈಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದ. ಕನ್ನಡಕ ತಂದಿಲ್ಲ, ಇದರಲ್ಲಿ ಏನಿದೆ ಸ್ವಲ್ಪ ಓದಿರೆಂದು ನನ್ನತ್ತ ಚಾಚಿದ. ನನ್ನ ವಿದ್ಯಾರ್ಥಿ ಎದುರಿನ ಮೇಜಿನಿಂದ ತಲೆಯೆತ್ತಿ ನೋಡಿದ. ನಾನು ಕನ್ನಡಕ ಒರೆಸಿಕೊಂಡು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ತರಗತಿಯಲ್ಲಿ ಓದುತ್ತಿದ್ದಂತೆ ಗಟ್ಟಿಯಾಗಿ ಓದಿದೆ.

ಆ ಸಂಜೆ ಲಿಂಗಸುಗೂರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಮೊಮ್ಮಗಳು ಓಣಿಯ ಬಾಯಿಗೇ ಬಂದು ನಿಂತಿದ್ದಳು.