ಮೂರು ತಾಸಿನ ಪಾರಿಜಾತ

ನೆಹರು ನಗರದ ನಮ್ಮ ರೂಮಿನ ಹಾರ್ಡ್ ಡಿಸ್ಕ್ ಒಂದಿನ ಟಕ್ ಟಕ್ ಅಂತು. ನಮ್ಮ ಎದಿ ಧಸಕ್ ಅಂತು! ಕನ್ನಡ ಬಳಗದ ವಿಡಿಯೋಗಳೆಲ್ಲ ಅದರಾಗೇ ಇದ್ದವು: ಚನ್ನಮ್ಮ ವೃತ್ತದ ರಾಜ್ಯೋತ್ಸವ ಮೆರವಣಿಗೆ, ಜಾತ್ರೆಯೊಂದರ ಶ್ರೀಕೃಷ್ಣ ಪಾರಿಜಾತ.

ಅವತ್ತೇ ಎಲ್ಲ ನಕಲು ಮಾಡಿ ಡಿಸ್ಪೇಸ್‌ಗೆ ಏರಿಸಿದೆವು. 2002ರಲ್ಲಿ ಎಂಐಟಿ, ಎಚ್‌ಪಿ ಸೇರಿ ತಂದ ಈ ತಂತ್ರಾಂಶ ಪಿಡಿಎಫ್ ದಾಖಲೆಗಳಿಗೆ ಭೇಷ್. ಆದರೆ ಸೆಕೆಂಡಿಗೆ 8 ಮೆಗಾಬಿಟ್‌ನಂತೆ ಮೂರು ತಾಸಿನ ಪಾರಿಜಾತ ಅಂದ್ರ 10.8 ಜಿಬಿ! ಹಾಸ್ಟೆಲ್ ವೈಫೈನಾಗ ಚಕ್ರ ತಿರುಗಿದ್ದೇ ತಿರುಗಿದ್ದು. ಕೊನೆಗೆ ಮೂಲ ಫೈಲನ್ನು ಅಲ್ಲೇ ಇಟ್ಟು, ಎಫ್‌ಎಫ್‌ಎಂಪೆಗ್‌ನಿಂದ 480ಪಿ ಪ್ರತಿ ಮಾಡಿ, ಆರಾರು ಸೆಕೆಂಡಿನ ತುಣುಕು ಕತ್ತರಿಸಿ, ಬೇರೆ ವೆಬ್ ಸರ್ವರ್‌ನಲ್ಲಿ ಹಾಕಿದೆವು. ಆಟ ಶುರುವಾಯ್ತು.

ವಿವರ ತುಂಬುವಾಗ 'ಕಲಾವಿದರ ಹೆಸರು' ಅನ್ನೋ ಖಾನೆ ಬಂತು. ನಮಗ್ಯಾರಿಗೂ ಗೊತ್ತಿರಲಿಲ್ಲ. ಕುಲಗೋಡ ತಮ್ಮಣ್ಣನ ಜಿಲ್ಲೆಯವರೇ ನಾವು. ಮೂರು ತಾಸು ಶೂಟ್ ಮಾಡಿ ಒಬ್ಬರ ಹೆಸರೂ ಕೇಳಿರಲಿಲ್ಲ. ನಾಚಿಕೆಯಾಯ್ತು. ರವಿವಾರ ಬಸ್ ಹತ್ತಿ ಆ ಊರಿಗೆ ಹೋದೆವು. ಸತ್ಯಭಾಮೆ ಪಾತ್ರದ ಅಜ್ಜ ಮೊಬೈಲಿನಾಗ ತನ್ನ ಆಟ ನೋಡಿ ಒಂದೇ ಮಾತು ಕೇಳಿದರು:

"ತಮ್ಮಾ, ತಬಲಾದವನ ಹೆಸರೂ ಬರಕೊಂಡೀರಿಲ್ಲೋ?"